ಮುಂದಿನ ಚಕ್ರಕ್ಕೆ ಕೋಣೆಗೊಂದು ಚೂರು ಕಬ್ಬಿಣ

ಬೆಳಗಿನ ಎಂಟು ಗಂಟೆಯಾಗಿದೆ. ಐರ್ಲೆಂಡಿನ ಡೊನೆಗಾಲ್ ಸೀಮೆಯಲ್ಲಿ ಜನವರಿಯ ಸೂರ್ಯನಿಗೆ ಮಾತ್ರ ಇನ್ನೂ ಎಚ್ಚರವಾಗಿಲ್ಲ. ಲೆಟರ್‌ಕೆನ್ನಿಯಿಂದ ತುಸು ದೂರ, ಗುಡ್ಡದ ನೆತ್ತಿಯಲ್ಲಿರುವ ಆರ್ಡ್‌ಬಾನ್ ವೃದ್ಧಾಶ್ರಮದ ಅಂಗಳದಲ್ಲಿ ಹಿಮ ಗೇಣುದ್ದ ಕೂತಿದೆ. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ಜಗತ್ತೇ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಂತಿರುವ ಆ ಬಿಳುಪಿನ ನಡುವೆ ಒಬ್ಬ ಮನುಷ್ಯ ಮಂಡಿಯೂರಿದ್ದಾನೆ. ಉಣ್ಣೆಯ ಟೋಪಿಯ ಅಂಚಿನ ಕೆಳಗೆ ವಿಭೂತಿಯ ಗೆರೆ, ಕೈಯಲ್ಲಿ ಸ್ಪ್ಯಾನರ್. ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರಿನ ಮುಂದಿನ ಚಕ್ರಗಳಿಗೆ ದುಂಡನೆಯ ಕಾಂಕ್ರೀಟ್ ಬಿಲ್ಲೆ ಬಿಗಿದಿದೆ. ಅದರ ಬೋಲ್ಟುಗಳನ್ನು ಆತ ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಕೊನೆಗೆ ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ.

ಇವರು ಚನ್ನಬಸಪ್ಪ, ಮಳವಳ್ಳಿ ಕಡೆಯವರು. ವಯಸ್ಸು ಐವತ್ತರ ಆಸುಪಾಸು. ಈ ಆಶ್ರಮದ ತೋಟ, ಬೇಲಿ, ಬಾಯ್ಲರ್, ಸೋರುವ ನಲ್ಲಿ ಎಲ್ಲದಕ್ಕೂ ಇವರೇ. ಮೂವತ್ತು ಚಿಲ್ಲರೆ ಹಿರಿಯ ಜೀವಗಳು ಇವರನ್ನು "ಬಾಸ್" ಎಂದು ಕರೆಯುತ್ತವೆ. ಪೂರ್ತಿ ಹೆಸರು ಅವರ ನಾಲಿಗೆಗೆ ಹೊರಳುವುದಿಲ್ಲ.

ಒಂಬತ್ತಕ್ಕೆ ಗುಡ್ಡದ ಬುಡಕ್ಕೆ ಟ್ಯಾಕ್ಸಿ ಬರುತ್ತದೆ. ಆಶ್ರಮದ ಪ್ಯಾಕಿ ಗ್ಯಾಲಘರ್ ಎಂಬ ಎಂಬತ್ತು ದಾಟಿದ ಮುದುಕನನ್ನು ಅದು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ವಾರಕ್ಕೆ ಮೂರು ದಿನ ಯಂತ್ರವೊಂದು ಆತನ ರಕ್ತ ತೊಳೆದರಷ್ಟೇ ಆತನಿಗೆ ಉಸಿರು. ಮುಖ್ಯ ರಸ್ತೆಗೆ ಹಿಮ ಕರಗಿಸಲು ಉಪ್ಪು ಎರಚುವ ಲಾರಿ ಬರುತ್ತದೆ. ಆಶ್ರಮದ ಈ ಖಾಸಗಿ ದಾರಿಗೆ ಇರುವುದು ಚನ್ನಬಸಪ್ಪನವರ ಪುಟ್ಟ ಟ್ರ್ಯಾಕ್ಟರ್ ಒಂದೇ. ದಾರಿ ಉದ್ದವೇನಲ್ಲ, ಒಂದು ಕೂಗಳತೆ. ಆದರೆ ನಡುವೆ ಎಡಕ್ಕೆ ಹೊರಳುವ ಕಡಿದಾದ ತಿರುವಿದೆ. ತಿರುವಿನ ಬಲಕ್ಕೆ ಹಳ್ಳ.

ಡಿಸೆಂಬರಿನಲ್ಲಿ ಆ ಹಳ್ಳ ತನ್ನ ಬಾಯಿ ತೋರಿಸಿತ್ತು.

ಆಗಲೂ ಹೀಗೆಯೇ ಹಿಮ ಬಿದ್ದಿತ್ತು. ಟ್ರ್ಯಾಕ್ಟರಿನ ಮುಂದೆ ಬ್ಲೇಡು, ಹಿಂದಿನ ಚಕ್ರಕ್ಕೆ ಸರಪಳಿ, ಜಾರದಿರಲೆಂದು ಸೀಟಿನ ಹಿಂದೆ ಮರಳಿನ ಚೀಲ. "ನಮ್ಮೂರಲ್ಲಿ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಇಳಿಸೋವಾಗ ಹಿಂದಿನ ಟೈರಿಗೆ ನೀರು ತುಂಬಿಸ್ತೀವಿ. ಹಿಂದೆ ಭಾರ ಇದ್ರೆ ಕೆಸರಲ್ಲೂ ಹಿಡಿತ ಬರ್ತೈತೆ. ಅದೇ ಲೆಕ್ಕ ಇಲ್ಲೂ ಹಾಕ್ದೆ," ಎನ್ನುತ್ತಾರೆ ಚನ್ನಬಸಪ್ಪ. ಹಿಂದಿನ ಚಕ್ರಗಳು ಹಿಡಿದವು, ನಿಜ. ತಿರುವಿಗೆ ಬಂದಾಗ ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿತು, ಪುಟ್ಟ ಮುಂಚಕ್ರಗಳೂ ತಿರುಗಿದವು. ಗಾಡಿ ಮಾತ್ರ ನೆಟ್ಟಗೆ ಹೋಯಿತು. "ಹಿಂದಿನಿಂದ ನೂಕೋರು ಜಾಸ್ತಿ ಆದ್ರು, ಮುಂದೆ ದಾರಿ ಹಿಡಿಯೋರೇ ಇಲ್ಲ. ಬ್ಲೇಡಿನ ಮುಂದೆ ಸ್ನೋ ಒತ್ತೈತೆ, ಮೂತಿ ಹಗುರಾಗೈತೆ. ಹೋಗಿ ಹಳ್ಳದಲ್ಲಿ ಮೂಗು ಊರ್ತು."

ಅವರಿಗೆ ಪೆಟ್ಟಾಗಲಿಲ್ಲ. ಪೆಟ್ಟು ಬಿದ್ದದ್ದು ಪ್ಯಾಕಿಗೆ. ಟ್ಯಾಕ್ಸಿಗೆ ಮೇಲೆ ಬರಲಾಗಲಿಲ್ಲ, ಅಂದಿನ ಸರದಿ ತಪ್ಪಿತು. ಮರುದಿನದ ಹೊತ್ತಿಗೆ ಮೈಯಲ್ಲಿ ನೀರು ತುಂಬಿ, ದಿಂಬಿಗೆ ಒರಗಿ ಕೂತರೂ ಉಸಿರು ಸಿಗದಾಯಿತು. ಪೊರಕೆ, ಸಲಿಕೆ ಹಿಡಿದು ಎಲ್ಲರೂ ಬಿಡಿಸಿದ ದಾರಿಯಲ್ಲಿ ಆಂಬುಲೆನ್ಸ್ ಬಂದು ಆತನನ್ನು ಎತ್ತಿಕೊಂಡು ಹೋಯಿತು. ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಆತನನ್ನು ಬರಮಾಡಿಕೊಂಡ ನರ್ಸ್ ಲೀಲಾವತಿ. ಚನ್ನಬಸಪ್ಪನವರ ಹೆಂಡತಿ.

"ಅವತ್ತು ಮನೆಗೆ ಬಂದು ಏನೂ ಬೈಲಿಲ್ಲ ಇವಳು. ಅದೇ ನಂಗೆ ಭಯ ಆಗಿದ್ದು," ಎನ್ನುತ್ತಾರೆ ಅವರು. "'ಇನ್ನೊಂದು ಸಲ ಹಿಂಗಾದ್ರೆ ಆ ಅಜ್ಜ ತಡೀಯಲ್ಲ ರೀ' ಅಂದ್ಳು. ಅಷ್ಟೇ."

ಈ ದಂಪತಿ ಐರ್ಲೆಂಡಿಗೆ ಬಂದದ್ದು ಲೀಲಾವತಿಯವರ ಕೆಲಸದ ಬೆನ್ನು ಹಿಡಿದು. ಊರಿನಲ್ಲಿ ಚನ್ನಬಸಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಇಲ್ಲಿ ಮೊದಲು ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತರು, ಹೋಟೆಲಿನಲ್ಲಿ ಪಾತ್ರೆ ತೊಳೆದರು. ಇಂಗ್ಲಿಷ್ ಬರುತ್ತಿರಲಿಲ್ಲ. ಬಂದಿದ್ದರೂ ಡೊನೆಗಾಲಿನವರ ಇಂಗ್ಲಿಷ್ ತಿಳಿಯುತ್ತಿರಲಿಲ್ಲ ಎಂದು ನಗುತ್ತಾರೆ. ಆರ್ಡ್‌ಬಾನಿನಲ್ಲಿ ಕೆಲಸ ಕೇಳಲು ಹೋದ ದಿನ ಅಂಗಳದಲ್ಲಿ ಈ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತಂತೆ. ಮಾತಾಡುವ ಮೊದಲು ಅದನ್ನು ರಿಪೇರಿ ಮಾಡಿದರು. ಮತ್ತೆ ಮಾತು ಬೇಕಾಗಲಿಲ್ಲ.

ಟ್ರ್ಯಾಕ್ಟರನ್ನು ಹಳ್ಳದಿಂದ ಎಳೆಸಿ ತಂದ ಸಂಜೆ ಅವರು ಶೆಡ್ಡಿನಲ್ಲಿ ಅದರ ಎದುರು ಕೂತಿದ್ದರು. ಆಗ ಕಣ್ಮುಂದೆ ಬಂದದ್ದು ಕಬ್ಬಿನ ಗಾಡಿ. ಎರಡು ಟ್ರೇಲರ್ ತುಂಬ ಕಬ್ಬು ಹೇರಿ ಏರು ಹತ್ತಿಸುವಾಗ ಟ್ರ್ಯಾಕ್ಟರ್ ಹೆದರಿದ ಕುದುರೆಯ ಹಾಗೆ ಮೂತಿ ಎತ್ತುತ್ತದೆ. ಆಗ ಇಬ್ಬರು ಹುಡುಗರು ಬಾನೆಟ್ ಮೇಲೆ ಹತ್ತಿ ಕೂರುತ್ತಾರೆ. ಮುಂದೆ ಭಾರ ಬಿದ್ದರೆ ಚಕ್ರ ನೆಲ ಕಚ್ಚುತ್ತದೆ. "ಹಂಗೆ ಕೂತಿದ್ದ ನನ್ನ ಗೆಳೆಯನೊಬ್ಬ ಕೆಳಗೆ ಬಿದ್ದ. ಕಾಲು ಹೋಯ್ತು. ಅವತ್ತೇ ಅಂದ್ಕೊಂಡಿದ್ದೆ, ನನ್ನ ಗಾಡಿ ಮುಂದೆ ಜೀವ ಇರೋದನ್ನ ಕೂರಿಸಲ್ಲ ಅಂತ."

ಆಸ್ಪತ್ರೆಯಿಂದ ಚೇತರಿಸಿಕೊಂಡು ಬಂದ ಪ್ಯಾಕಿ ಇದನ್ನು ಕೇಳಿ ಗಹಗಹಿಸಿದ್ದಾನೆ. "ಬಾಸ್, ನನ್ನನ್ನೇ ಕೂರಿಸು. ಸರದಿ ತಪ್ಪಿದ ದಿನ ನಾನು ನೀರು ತುಂಬಿದ ಪೀಪಾಯಿ. ನನಗಿಂತ ಭಾರ ಈ ಜಿಲ್ಲೆಯಲ್ಲೇ ಸಿಗಲಿಕ್ಕಿಲ್ಲ!"

ಜೀವವಿಲ್ಲದ ಭಾರ ಬೇಕಿತ್ತು. ಮುಂಚಕ್ರಕ್ಕೆ ಬಿಗಿಯುವಂಥದ್ದು, ದುಂಡಗಿರುವಂಥದ್ದು. ಕ್ರಿಸ್‌ಮಸ್ ಆಗಷ್ಟೇ ಮುಗಿದು, ಕೋಣೆಕೋಣೆಯಲ್ಲಿ ಮಿಠಾಯಿಯ ದುಂಡು ಡಬ್ಬಿಗಳು ಖಾಲಿ ಬಿದ್ದಿದ್ದವು. ಎರಡನ್ನು ಆರಿಸಿಕೊಂಡರು. ನಡುವೆ ಪೈಪಿನ ತುಂಡು, ಬೋಲ್ಟಿಗೆ ತೂತು, ಸುತ್ತ ಕಾಂಕ್ರೀಟು. ಬರೀ ಕಾಂಕ್ರೀಟ್ ಆದರೆ ತೂಕ ಸಾಲದು, ಒಳಗೆ ಕಬ್ಬಿಣ ಸೇರಬೇಕು. ಊಟದ ಕೋಣೆಯಲ್ಲಿ ನಿಂತು ತಮ್ಮ ಹರಕು ಇಂಗ್ಲಿಷಿನಲ್ಲಿ ಕೇಳಿದರು: ಯಾರ ಹತ್ತಿರವಾದರೂ ಬೇಡದ ಕಬ್ಬಿಣ ಇದೆಯಾ?

ಬೇಡದ್ದು ಯಾರ ಹತ್ತಿರವೂ ಇರಲಿಲ್ಲ. ಬೇಕಾದದ್ದನ್ನೇ ತಂದರು. ನೋರಾ ಎಂಬ ಅಜ್ಜಿ ತನ್ನ ತಾಯಿಯ ಕಾಲದ ಇಸ್ತ್ರಿಪೆಟ್ಟಿಗೆಯನ್ನು ಮಗನ ಕೈಲಿ ತರಿಸಿದಳು. ಮೀನುಗಾರನಾಗಿದ್ದವನು ಬಲೆಯ ಸೀಸದ ಗುಂಡುಗಳನ್ನು ಕೊಟ್ಟ. ನಿವೃತ್ತ ಪಾದ್ರಿಯೊಬ್ಬರು, ಈಗ ಬಾಗಿಲೇ ಇಲ್ಲದ ಒಂದು ಚರ್ಚಿನ ಬೀಗದ ಕೈಯನ್ನು ಕೊಟ್ಟರು. ಹುಡುಗನಾಗಿದ್ದಾಗ ಕುದುರೆ ಕಟ್ಟಿ ಉತ್ತಿದ್ದ ಪ್ಯಾಕಿ, ತಲೆದಿಂಬಿನ ಮೇಲೆ ಗೋಡೆಗೆ ಹೊಡೆದಿದ್ದ ಲಾಳವನ್ನು ಕೀಳಿಸಿದ. ಅವನ ಡಾಲಿ ಎಂಬ ಹೆಣ್ಣು ಕುದುರೆಯದು.

"ಅದ್ನ ನೋಡಿ ಮೈ ಜುಮ್ ಅಂತು ನಂಗೆ," ಎನ್ನುವಾಗ ಚನ್ನಬಸಪ್ಪನವರ ದನಿ ತಗ್ಗುತ್ತದೆ. "ನಮ್ಮೂರ ಬಸವಣ್ಣನ ಗುಡಿ ಗಂಟೆ ಎರಕ ಹುಯ್ಯೋವಾಗ ಮನೆಗೊಂದು ಚೂರು ಕಂಚು ಹಾಕಿದ್ರು. ನಮ್ಮಜ್ಜಿ ಒಡೆದ ಗಂಗಾಳ ಕೊಟ್ಟಿದ್ಳು. ಗಂಟೆ ಹೊಡೆದಾಗೆಲ್ಲ 'ಅದ್ರಾಗೆ ನನ್ನ ಗಂಗಾಳದ ದನಿ ಐತೆ ಕೇಳ್ಲಾ' ಅನ್ನೋಳು. ಈ ಬಿಳೀ ಜನಕ್ಕೆ ಅದನ್ನ ಯಾರೂ ಹೇಳ್ಕೊಟ್ಟಿಲ್ಲ. ಆದ್ರೂ ತಂದ್ರಲ್ಲ!"

ಎರಡೂ ಬಿಲ್ಲೆ ಸಮತೂಕ ಇರಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪ್ಯಾಕಿಯನ್ನು ದಿನಾ ಕೂರಿಸಿ ತೂಗುವ ಕುರ್ಚಿತಕ್ಕಡಿಯ ಮೇಲೆ ಡಬ್ಬಿಗಳನ್ನು ಕೂರಿಸಿದರು. ಇಸ್ತ್ರಿಪೆಟ್ಟಿಗೆ ಇದ್ದ ಡಬ್ಬಿಯೇ ಹೆಚ್ಚು ತೂಗಿತು. "ನೋರಾಳದ್ದು ಯಾವಾಗಲೂ ಒಂದು ಕೈ ಮೇಲೆಯೇ," ಎಂದ ಪ್ಯಾಕಿ. "ನಿನ್ನ ನಾಲಿಗೆ ಹಾಕಿದ್ದರೆ ಆ ಕಡೆಯೂ ಸರಿಹೋಗುತ್ತಿತ್ತು," ಎಂದಳು ನೋರಾ. ಸೀಸದ ಗುಂಡುಗಳೆಲ್ಲ ಲಾಳದ ಡಬ್ಬಿಗೆ ಸೇರಿ ಜಗಳ ಬಗೆಹರಿಯಿತು. ಚಳಿಗೆ ಕಾಂಕ್ರೀಟ್ ಬಿರುಕು ಬಿಡಬಾರದೆಂದು ಬಾಯ್ಲರ್ ಕೋಣೆಯಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಬಾಣಂತಿಯ ಕೂಸಿನಂತೆ ಕಾದರು. ಮನೆಯಲ್ಲಿ ಮಗಳು ಪ್ರಕೃತಿ, ಇಲ್ಲೇ ಹುಟ್ಟಿದವಳು, "ಡ್ಯಾಡ್, ಇಟ್ಸ್ ಎ ಲಾನ್‌ಮೋವರ್!" ಎಂದು ಐರಿಷ್ ರಾಗದಲ್ಲಿ ನಕ್ಕಳು. ಲೀಲಾವತಿಯೂ ನಂಬಲಿಲ್ಲ. ನಿನ್ನೆ ಹಿಮದ ಮುನ್ಸೂಚನೆ ಬಂದಾಗ, ಬೆಳಗಿನ ಡ್ಯೂಟಿ ತಪ್ಪದಿರಲೆಂದು ರಾತ್ರಿ ಆಸ್ಪತ್ರೆಯಲ್ಲೇ ಉಳಿಯಲು ಹೊರಟವರು, "ಮಿಠಾಯಿ ಡಬ್ಬಿ ನಂಬ್ಕೊಂಡು ಹಳ್ಳಕ್ಕೆ ಇಳೀಬೇಡಿ. ದೇವರ ಮೇಲೆ ಭಾರ ಹಾಕಿ," ಎಂದರು.

"ಮೊದ್ಲು ಮುಂದಿನ ಚಕ್ರದ ಮೇಲೆ ಹಾಕ್ತೀನಿ ಕಣೆ. ಮಿಕ್ಕಿದ್ದು ಅವನ ಮೇಲೆ."

ಈಗ ಪರೀಕ್ಷೆ. ಇಂಜಿನ್ ಕೆಮ್ಮಿ ಎಚ್ಚರಗೊಳ್ಳುತ್ತದೆ. ಕಿಟಕಿಗಳಲ್ಲಿ ಒಂದೊಂದೇ ದೀಪ, ಒಂದೊಂದೇ ನೆರೆತ ತಲೆ. ಬ್ಲೇಡು ಹಿಮವನ್ನು ಎಡಗಡೆಯ ಹೊಲದ ಬದಿಗೆ ಸುರುಳಿ ಸುರುಳಿಯಾಗಿ ಮಗುಚುತ್ತ ಇಳಿಯುತ್ತದೆ. ತಿರುವು ಬರುತ್ತದೆ. ಚನ್ನಬಸಪ್ಪನವರ ತುಟಿ ಅಲುಗುತ್ತಿದೆ, ಶಿವನಾಮವಿರಬೇಕು. ಸ್ಟೇರಿಂಗ್ ಎಡಕ್ಕೆ. ಒಂದು ಗಳಿಗೆ ಗಾಡಿ ಯೋಚಿಸಿದಂತೆ ತಡೆಯುತ್ತದೆ. ಆಮೇಲೆ ಮೂತಿ ನಿಧಾನವಾಗಿ, ಮಾತು ಕೇಳಿದ ಎತ್ತಿನಂತೆ, ಹೊರಳುತ್ತದೆ. ಹಳ್ಳ ಬಲಕ್ಕೆ ಹಾದುಹೋಗುತ್ತದೆ, ತನ್ನಷ್ಟಕ್ಕೆ. ಮೇಲೆ ಕಿಟಕಿಯ ಗಾಜನ್ನು ಯಾರೋ ಊರುಗೋಲಿನಿಂದ ಬಡಿಯುತ್ತಿದ್ದಾರೆ. ಚಪ್ಪಾಳೆಯ ಬದಲಿಗೆ ಇರಬೇಕು.

ಒಂಬತ್ತಕ್ಕೆ ಟ್ಯಾಕ್ಸಿ ಉಬ್ಬಸಪಡುತ್ತ ಮೇಲೆ ಬರುತ್ತದೆ, ಕಂಬಳಿ ಹೊದ್ದ ಪ್ಯಾಕಿಯನ್ನು ಹತ್ತಿಸಿಕೊಂಡು ಇಳಿಯುತ್ತದೆ. ತಿರುವಿನಲ್ಲಿ ಉಪ್ಪು ಎರಚುತ್ತಿರುವ ಚನ್ನಬಸಪ್ಪನವರನ್ನು ಕಂಡು ಆತ ನಿಲ್ಲಿಸಲು ಹೇಳಿ, ಗಾಜು ಇಳಿಸುತ್ತಾನೆ.

"ಬಾಸ್, ನನ್ನ ಲಾಳ ಯಾವ ಕಡೆ ಇದೆ?"

"ಬಲಗಡೆ."

"ಹಳ್ಳದ ಕಡೆ?"

"ಹಳ್ಳದ ಕಡೇನೇ."

ಮುದುಕ ತಲೆದೂಗುತ್ತಾನೆ. "ಗ್ರ್ಯಾಂಡ್. ಡಾಲಿ ಒಂದು ದಿನವೂ ಹಳ್ಳಕ್ಕೆ ಇಳಿದವಳಲ್ಲ."

ಹತ್ತು ದಾಟಿದ ಮೇಲೆ ಫೋನ್ ಮಿಣುಕುತ್ತದೆ. ಲೀಲಾವತಿಯವರ ಸಂದೇಶ, ಒಂದೇ ಪದ: "ಬಂದ್ರು."

ಚನ್ನಬಸಪ್ಪ ಅದನ್ನೋದಿ ಫೋನನ್ನು ಜೇಬಿಗಿಡುತ್ತಾರೆ. ತಿರುವಿನ ಬಲದಂಚಿನಲ್ಲಿ, ಟ್ಯಾಕ್ಸಿ ತುಳಿಯದ ಒಂದಿಷ್ಟು ಜಾಗದಲ್ಲಿ, ಅವರ ಮುಂಚಕ್ರದ ಗುರುತು ಉಳಿದಿದೆ. ಹಳ್ಳದತ್ತ ಹೋಗಿ, ಮೊಳದಷ್ಟು ದೂರದಲ್ಲಿ ಮನಸ್ಸು ಬದಲಿಸಿ, ದುಂಡಗೆ ಎಡಕ್ಕೆ ಹೊರಳಿದ ಒಂದು ಗೆರೆ. ಉಪ್ಪಿನ ಬಕೆಟ್ ಹಿಡಿದ ಅವರ ಕೈ ಅಲ್ಲಿಗೆ ಬಂದು ನಿಲ್ಲುತ್ತದೆ. ಆ ಅಂಚಿಗೆ ಮಾತ್ರ ಎರಚುವುದಿಲ್ಲ.

"ಸಾಯಂಕಾಲದವರೆಗೂ ಇದು ಕರಗದಿದ್ರೆ ಸಾಕು," ಎನ್ನುತ್ತಾರೆ. "ಲೀಲಾ ಡ್ಯೂಟಿ ಮುಗಿಸಿ ಈ ದಾರೀಲೇ ನನ್ನ ಕರ್ಕೊಂಡು ಹೋಗೋಕೆ ಬರ್ತಾಳೆ. ನೋಡ್ಲಿ."