ಬ್ಯಾಂಡಿಗೆ ಕಾಗದ ಬರೆದವನು

ಮದುವೆಯ ಮೆರವಣಿಗೆ ಎದುರಾದರೆ ಎಲ್ಲರೂ ಗಂಡನ್ನು ನೋಡುತ್ತಾರೆ. ನಾನು ಎರಡನೇ ಟ್ರಂಪೆಟ್ಟಿನವನ ಕೆನ್ನೆ ನೋಡುತ್ತೇನೆ. ಮೊದಲನೆಯವನ ಚಿಂತೆ ನನಗಿಲ್ಲ, ಜನ ಗುನುಗುವ ಹಾಡು ಅವನದು, ಅವನು ಹೇಗಿದ್ದರೂ ಊದುತ್ತಾನೆ. ಎರಡನೆಯವನು ಊದುವುದು ಯಾರಿಗೂ ಬೇರೆಯಾಗಿ ಕೇಳಿಸುವುದಿಲ್ಲ. ಅವನು ನಿಲ್ಲಿಸಿದರೆ ಮಾತ್ರ ಏನೋ ಕಡಿಮೆಯಾದಂತಾಗುತ್ತದೆ. ಅಂಥವನು ಮೈಗಳ್ಳತನ ಮಾಡುತ್ತಿಲ್ಲ ತಾನೆ ಎಂದು ನೋಡುವುದು ನನ್ನ ಚಟ. ಚಟ ಅಂಟಿದ್ದು ಹೇಗೆಂದು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಒಂದು ಭಾನುವಾರ ಹಳೇ ಗ್ರಾಮಾಫೋನ್ ರೆಕಾರ್ಡು ಮಾರುವ ಅಂಗಡಿಯಲ್ಲಿ ಒಂದೇ ರೆಕಾರ್ಡಿಗೆ ಇಬ್ಬರು ಕೈ ಹಾಕಿದೆವು. ಇನ್ನೊಂದು ಕೈ ದೊರೆಸ್ವಾಮಿ ಮಾಸ್ಟರದು. ಬಳೇಪೇಟೆಯಲ್ಲಿ ಅವರದೊಂದು ಬ್ಯಾಂಡ್ ಸೆಟ್ ಇತ್ತು, ಅವರೇ ಮುಂದೆ ನಿಂತು ಕ್ಲಾರಿಯೋನೆಟ್ ನುಡಿಸುತ್ತಿದ್ದರು. ರೆಕಾರ್ಡು ಸ್ವಿಂಗ್ ಸಂಗೀತದ್ದು. ನಮ್ಮ ಅಜ್ಜಂದಿರು ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಅಮೆರಿಕದ ಜನರನ್ನು ಕುಣಿಸಿದ್ದು ಅದು. ಹದಿನೈದಿಪ್ಪತ್ತು ಜನ ಒಟ್ಟಿಗೆ ಕೂತು ನುಡಿಸುವ ಬ್ಯಾಂಡು. ಟ್ರಂಪೆಟ್ಟಿನವರು ಒಂದು ಮಾತಾಡಿದರೆ ಸ್ಯಾಕ್ಸೋಫೋನಿನವರು ಎರಡು ಆಡುತ್ತಾರೆ, ಬೀಗರ ಮನೆಯಲ್ಲಿ ಆಗುತ್ತದಲ್ಲ, ಹಾಗೆ. ಮಾಸ್ಟರಿಗೆ ನಮ್ಮ ಮದುವೆಯ ಹಾಡುಗಳನ್ನೂ ಈ ವರಸೆಯಲ್ಲಿ ನುಡಿಸಬೇಕೆಂಬ ಆಸೆ. ನನಗೆ ಒಂದು ಹಳೆಯ ಪುಸ್ತಕ ನೋಡಿಕೊಂಡು ಪಾಶ್ಚಾತ್ಯ ಸ್ವರಲಿಪಿ ಕಲಿತ ಹುರುಪು. ರೆಕಾರ್ಡು ಅವರು ತೆಗೆದುಕೊಂಡರು, ಕೆಲಸ ನಾನು ತೆಗೆದುಕೊಂಡೆ.

ಆ ಸ್ವಿಂಗ್ ಬ್ಯಾಂಡುಗಳಲ್ಲಿ ಯಾವ ವಾದ್ಯ ಯಾವಾಗ ಏನು ನುಡಿಸಬೇಕು ಎಂದು ಬರೆದುಕೊಡುವವನು ಬೇರೆಯೇ ಇರುತ್ತಿದ್ದ. ಅವನಿಗೆ ಅರೇಂಜರ್ ಎನ್ನುತ್ತಾರೆ. ನಾಯಕ ದೀಪದ ಕೆಳಗೆ ನಿಂತು ಬಾಗಿ ನಮಸ್ಕರಿಸುತ್ತಿದ್ದರೆ ಇವನು ಎಲ್ಲೋ ಮೂಲೆಯಲ್ಲಿ ಪೆನ್ಸಿಲ್ ಚೂಪು ಮಾಡುತ್ತಿರುತ್ತಾನೆ. ನಾಯಕ ತೀರಿಕೊಂಡ ಮೇಲೆ ಅವನ ನೆನಪಿಗೆಂದು ಶಿಷ್ಯರು ರೆಕಾರ್ಡು ಹೊರಡಿಸುತ್ತಾರೆ. ಮೇಲೆ ನಾಯಕನ ದೊಡ್ಡ ಫೋಟೋ. ಅರೇಂಜರನ ಹೆಸರು ಹಿಂಭಾಗದಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು. ಪಾಪ ಎನ್ನಿಸುತ್ತಿತ್ತು. ಆದರೆ ನನಗೆ ಅಷ್ಟು ಚಿಕ್ಕ ಅಕ್ಷರವೂ ಬೇಕಿರಲಿಲ್ಲ.

ಏಕೆಂದರೆ ನಮ್ಮ ಮನೆ ಇರುವುದು ಶಂಕರಪುರದಲ್ಲಿ. ಅಜ್ಜಿ ವೀಣೆ, ಚಿಕ್ಕಪ್ಪ ಪಿಟೀಲು, ರಾಮನವಮಿ ಬಂತೆಂದರೆ ಮನೆಯಲ್ಲೇ ಕಚೇರಿ. ಅಂಥ ಮನೆಯ ಹುಡುಗ ಮದುವೆಯ ಬ್ಯಾಂಡಿಗೆ ಬರೆಯುತ್ತಾನೆಂದು ತಿಳಿದರೆ ಅಜ್ಜಿ ಬಿಡಿ, ವೀಣೆಯೂ ಮಾತು ಬಿಡುತ್ತಿತ್ತು. ಹೀಗೆಂದು ಆಗ ನಾನು ಭಾವಿಸಿದ್ದೆ. ಮೊದಲ ದಿನವೇ ಮಾಸ್ಟರ ಹತ್ತಿರ ಮಾತು ತೆಗೆದುಕೊಂಡೆ.

"ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು ಮಾಸ್ಟರ್."

"ಆಯ್ತು ಬಿಡಿ ಸಾರ್," ಎಂದರು ಅವರು. "ಬರೆಯೋದು ನೀವ್ ಬರೀರಿ. ಬೈಸ್ಕೊಳ್ಳೋದು ನಾನ್ ಬೈಸ್ಕೋತೀನಿ."

ಮೂವತ್ತು ವರ್ಷ ಹೀಗೆ ನಡೆಯಿತು. ಶನಿವಾರ ಶಾಲೆ ಬಿಟ್ಟ ಮೇಲೆ ಕಾಗದ ಸುರುಳಿ ಸುತ್ತಿಕೊಂಡು ಬಳೇಪೇಟೆಯ ಕೈಗಾಡಿಗಳ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದೆ. ದಾರಿಯಲ್ಲಿ ಯಾರಾದರೂ ಕೇಳಿದರೆ ರೇಖಾಗಣಿತದ ಚಾರ್ಟು ಎನ್ನುತ್ತಿದ್ದೆ. ಹನ್ನೆರಡು ವಾದ್ಯಕ್ಕೆ ಹನ್ನೆರಡು ಹಾಳೆ, ಒಂದೊಂದೂ ಮುತ್ತು ಪೋಣಿಸಿದಂಥ ಅಕ್ಷರ. ಮಾಸ್ಟರ ಕೈಗೆ ಕೊಟ್ಟು, ಒಂದು ಕಾಫಿ ಕುಡಿದು, ಅಭ್ಯಾಸ ಶುರುವಾಗುವ ಮೊದಲೇ ಹೊರಟುಬಿಡುತ್ತಿದ್ದೆ. ಬ್ಯಾಂಡಿನವರಿಗೆ ನಾನು ಮಾಸ್ಟರ ಗೆಳೆಯ, ಅಷ್ಟೇ.

ಕಳೆದ ವರ್ಷ ಮಾಸ್ಟರ್ ತೀರಿಕೊಂಡರು. ವರ್ಷಾಬ್ದಿಕಕ್ಕೆ ಬಂದವರಿಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಡಲೆಂದು ಅವರ ಮಗಳು ಶೀಲಾ ಬ್ಯಾಂಡಿನ ರೆಕಾರ್ಡಿಂಗ್ ಏರ್ಪಾಡು ಮಾಡಿದಳು. ಸರ್ಕಾರಿ ಕಚೇರಿಯಲ್ಲಿ ಕೆಲಸ ಅವಳಿಗೆ, ಎಲ್ಲ ಅಚ್ಚುಕಟ್ಟು. ಹೊದಿಕೆಯ ಮೇಲೆ ಬರುವ ಬರಹವನ್ನು ನನಗೆ ತೋರಿಸಿದಳು. 'ಸಂಯೋಜನೆ: ದೊರೆಸ್ವಾಮಿ ಮಾಸ್ಟರ್' ಎಂದಿತ್ತು.

ಚೆನ್ನಾಗಿದೆಯಮ್ಮ ಎಂದೆ. ಆದರೆ ಆ ಸಾಲನ್ನು ಇನ್ನೊಮ್ಮೆ ಓದಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆಸರು ಬೇಕಾಗಿತ್ತು. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ವೀಣೆಯ ತಂತಿಯೂ ಉಳಿದಿಲ್ಲ, ಇನ್ನು ಯಾರಿಗೆ ಹೆದರಬೇಕು? ಆದರೆ ಮಾಸ್ಟರ್ ನನಗೆ ಕೊಟ್ಟ ಮಾತನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದರೆಂದರೆ ಮಗಳಿಗೂ ಹೇಳಿರಲಿಲ್ಲ. ಇದ್ದ ಒಬ್ಬ ಸಾಕ್ಷಿ ಈಗ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದರು. ಅಪ್ಪನನ್ನು ಕಳೆದುಕೊಂಡವಳ ಮುಂದೆ ನಿಂತು 'ಅವರ ಹೆಸರು ಹೊಡೆದುಹಾಕಿ ನನ್ನದು ಬರಿ' ಎನ್ನುವುದು ಹೇಗೆ? ರೆಕಾರ್ಡಿಂಗ್ ದಿನ ಸಮಯ ನೋಡಿ ಬಾಯಿ ಬಿಡೋಣವೆಂದುಕೊಂಡು ಸ್ಟುಡಿಯೊಗೆ ಹೋದೆ.

ಅಲ್ಲಿ ಮಾಸ್ಟರ ಜಾಗಕ್ಕೆ ಬಂದ ಅವರ ಶಿಷ್ಯನೂ ಸೇರಿ ಎಲ್ಲರನ್ನೂ ಕುರ್ಚಿಯ ಮೇಲೆ ಕೂರಿಸಿದ್ದರು. ತಪ್ಪಾಗಿದ್ದು ಅಲ್ಲೇ. ಈ ಹನ್ನೆರಡು ಜನ ಜೀವನದಲ್ಲಿ ಕೂತು ನುಡಿಸಿದವರಲ್ಲ. ಅವರ ತಾಳವೆಲ್ಲ ಕಾಲಿನಲ್ಲಿ. ನಡೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೂತ ಕೂಡಲೇ ಡ್ರಮ್ಮು ಒಂದು ಕಡೆ, ಟ್ರಂಪೆಟ್ಟು ಇನ್ನೊಂದು ಕಡೆ. ನಿಂತಲ್ಲೇ ಹೆಜ್ಜೆ ಹಾಕುತ್ತೇವೆಂದರೆ ಬೂಟಿನ ಸದ್ದು ಮೈಕಿಗೆ ಬೀಳುತ್ತದೆ ಎಂದು ಸ್ಟುಡಿಯೊದವರ ತಕರಾರು. ಗಲಿಬಿಲಿಯ ನಡುವೆ ನಾನು ದೊಡ್ಡ ಕೊಂಬಿನಂಥ ಯೂಫೋನಿಯಂ ಊದುವ ಮುನಿರಾಜು ಪಕ್ಕಕ್ಕೆ ಹೋದೆ. ವಾದ್ಯಕ್ಕೆ ಕ್ಲಿಪ್ಪು ಹಾಕಿ ನನ್ನ ಹಾಳೆ ಸಿಕ್ಕಿಸಿದ್ದ. ತಲೆಕೆಳಗಾಗಿ.

"ಮುನಿರಾಜು, ಕಾಗದ ಉಲ್ಟಾ ಇದೆಯಲ್ಲಪ್ಪ."

"ಹೆಂಗಿದ್ರೂ ಒಂದೇ ಸಾರ್," ಎಂದ. "ನಮಗ್ಯಾರಿಗೂ ಇದು ಓದಕ್ಕೆ ಬರಲ್ಲ. ಮಾಸ್ಟರ್ ಓದ್ಕೊಂಡು ಒಬ್ಬೊಬ್ಬರಿಗೂ ಹಾಡಿ ಹೇಳ್ಕೊಡ್ತಿದ್ರು."

ಮೂವತ್ತು ವರ್ಷ, ಹನ್ನೆರಡು ಹಾಳೆ. ಲೆಕ್ಕ ಹಾಕುವ ಧೈರ್ಯ ಗಣಿತದ ಮೇಷ್ಟರಿಗೂ ಬರಲಿಲ್ಲ. "ಮತ್ತೆ ಇದನ್ನು ಯಾಕೆ ಸಿಕ್ಕಿಸಿಕೊಳ್ಳುತ್ತೀರಿ?" ಎಂದು ಕೇಳಿದೆ.

"ಯಾರೋ ದೊಡ್ಡೋರು ಕೂತ್ಕೊಂಡು ಬರೆದುಕೊಟ್ಟಿರೋದು, ಹೆಸರು ಹೇಳಂಗಿಲ್ಲ, ಅದಕ್ಕೆ ಕಾಗದಕ್ಕಾದ್ರೂ ಮರ್ಯಾದೆ ಕೊಡ್ರೋ ಅಂತಿದ್ರು ಮಾಸ್ಟರ್. ಅದಿಲ್ದೆ ಊದಕ್ಕೆ ಬಿಡ್ತಿರಲಿಲ್ಲ."

ಆ ದೊಡ್ಡವನು ನಾನೇ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಹಾಳೆಯನ್ನು ತಿರುಗಿಸಿ ಸರಿಯಾಗಿ ಸಿಕ್ಕಿಸಿ ಬಂದೆ, ಅಷ್ಟೇ.

ಕೂತರೆ ಆಗದು, ನಡೆದುಕೊಂಡೇ ರೆಕಾರ್ಡು ಮಾಡಬೇಕು ಎಂದು ತೀರ್ಮಾನವಾಯಿತು. ಬಳೇಪೇಟೆಯಲ್ಲಿ ಹಾರ್ನುಗಳ ಗದ್ದಲ. ಶೀಲಾ ನನ್ನ ಕಡೆ ತಿರುಗಿ, "ಸಾರ್, ನಿಮ್ ರೋಡು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತಲ್ವಾ?" ಎಂದು ಕೇಳಿಬಿಟ್ಟಳು. ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ.

ಹಾಗೆ ಆ ಭಾನುವಾರ ನಾನು ಮೂವತ್ತು ವರ್ಷ ಬಚ್ಚಿಟ್ಟ ಬ್ಯಾಂಡು ಕೆಂಪು ಕೋಟು ತೊಟ್ಟು ನನ್ನ ರಸ್ತೆಯಲ್ಲೇ ಬಂತು. ಮೈಕು ಹಿಡಿದವರು ಮುಂದೆ, ಹಿಂದು ಹಿಂದಕ್ಕೆ ನಡೆಯುತ್ತ. ಕಾಲು ನೆಲಕ್ಕೆ ಬಿದ್ದ ಕೂಡಲೇ ತಾಳ ಕೂತುಬಿಟ್ಟಿತು. ನಾನು ಗೇಟಿನಲ್ಲಿ ನಿಂತಿದ್ದೆ, ಅವರು ನುಡಿಸುವುದನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಯೂಫೋನಿಯಮ್ಮಿಗೆ ನಾನು ಬರೆದಿದ್ದ ಒಂದು ಉದ್ದನೆಯ ಸಾಲು ಬಂತು. ಮುನಿರಾಜು ನಡುವೆ ಉಸಿರು ತೆಗೆದುಕೊಂಡ. ಅಲ್ಲಿ ನಾನು ಉಸಿರಿಗೆ ಜಾಗ ಬಿಟ್ಟಿರಲಿಲ್ಲ. ನಾನು ಯೂಫೋನಿಯಮ್ಮಿಗೆ ಬರೆದಿದ್ದೆ, ಮಾಸ್ಟರ್ ಅದನ್ನು ಮುನಿರಾಜುವಿಗೆ ಹೊಂದಿಸಿದ್ದರು. ಹಾಗೆ ಅಲ್ಲಲ್ಲಿ ತಿದ್ದಿದ್ದೆಲ್ಲ ಕಿವಿಗೆ ಬೀಳುತ್ತಿತ್ತು, ಎಲ್ಲವೂ ನನ್ನದಕ್ಕಿಂತ ಚೆನ್ನಾಗಿತ್ತು.

ಆಗ ಎದುರು ಮನೆಯ ನಾಗಭೂಷಣರಾಯರು ಬನಿಯನ್ನಿನಲ್ಲೇ ಹೊರಗೆ ಬಂದು ನನ್ನ ಕಿವಿಯ ಹತ್ತಿರ ಕೂಗಿದರು. "ಯಾರ ಮದುವೆ ಮೇಷ್ಟ್ರೇ? ಬೆಳಗಾಗೆದ್ದು ಈ ಗಲಾಟೆ ತಂದೋರ್ ಯಾರು?"

ನಾನೂ ಅಷ್ಟೇ ಜೋರಾಗಿ ಬಾಯಿ ತೆರೆದೆ. ಅದೇ ಕ್ಷಣಕ್ಕೆ ಡ್ರಮ್ಮಿನಿಂದ ಹಿಡಿದು ಹನ್ನೆರಡೂ ವಾದ್ಯ ಗಪ್ಪನೆ ನಿಂತವು. ಆ ಜಾಗದಲ್ಲಿ ನಾಲ್ಕು ಮಾತ್ರೆ ಎಲ್ಲರೂ ಸುಮ್ಮನಿರಬೇಕೆಂದು ಬರೆದವನು ನಾನೇ. ಆ ನಿಶ್ಶಬ್ದದಲ್ಲಿ ನನ್ನ ದನಿ ರಸ್ತೆಯ ಕೊನೆಯವರೆಗೂ ಕೇಳಿಸಿತು.

"ಇದನ್ನ ಬರೆದೋನು ನಾನು ಕಣ್ರೀ."

ಬ್ಯಾಂಡು ಮತ್ತೆ ಶುರುವಾಗಿ ಮುಂದೆ ಹೋಯಿತು. ಮುನಿರಾಜು ಮಾತ್ರ ಊದುತ್ತಲೇ ಕುತ್ತಿಗೆ ಹೊರಳಿಸಿ ನನ್ನನ್ನು ನೋಡುತ್ತಿದ್ದ, ತಿರುವು ಬರುವ ತನಕ.

ಎರಡು ದಿನ ಬಿಟ್ಟು ಶೀಲಾ ರೆಕಾರ್ಡು ಕೇಳಿಸಲು ಮನೆಗೆ ಬಂದಳು. ನನ್ನ ದನಿ ಬರುವಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿಸಿದಳು. ಆಮೇಲೆ, "ಕಂಪ್ಯೂಟರ್‌ನಲ್ಲಿ ಇಷ್ಟು ತೆಗೆದುಬಿಡಬಹುದಂತೆ ಸಾರ್. ತೆಗೆಸಿ, ಹೊದಿಕೆ ಮೇಲೆ ನಿಮ್ ಹೆಸರು ಹಾಕಿಸ್ಲಾ?" ಎಂದಳು.

"ಬೇಡಮ್ಮ. ಹೊದಿಕೆ ಅಪ್ಪನ ಹೆಸರಲ್ಲೇ ಇರಲಿ. ನನ್ನ ದನಿ ಇಲ್ಲೇ ಇರಲಿ," ಎಂದೆ.

ಈಗ ಆಗಾಗ ಹಾಕಿಕೊಂಡು ಕೇಳುತ್ತೇನೆ. ಬ್ಯಾಂಡಿನವರದು ಒಂದೂ ತಪ್ಪಿಲ್ಲ. ನಾನು ಮಾತ್ರ ಅರ್ಧ ಮಾತ್ರೆ ತಡವಾಗಿ ಶುರು ಮಾಡಿದ್ದೇನೆ. ಮೂವತ್ತು ವರ್ಷ ತಡ ಮಾಡಿದವನಿಗೆ ಅದು ಹೆಚ್ಚೇನಲ್ಲ.