ಬೀಗರ ಕೈಗೆ ಮೈಕ್

ಸ್ನೇಹಿತರೇ, ಇವತ್ತು ಹ್ಯಾಮ್ ರೇಡಿಯೊ ಸ್ಪರ್ಧೆ. ಆವರಗೆರೆಯ ನಮ್ಮ ಮನೆಯಿಂದ ಬೆಳಿಗ್ಗೆಯಿಂದ ಊರೂರಿನ ಹ್ಯಾಮ್‌ಗಳನ್ನು, ಅಂದರೆ ನನ್ನಂತೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರನ್ನು, ಕರೆಯುತ್ತಿದ್ದೆ. ಅಷ್ಟರಲ್ಲಿ ಹರಿಹರದಿಂದ ಮಗಳ ಮಾವ ಬಂದರು. ನಾನು ನೀರು ಕುಡಿದು ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಕೂತು, ನನ್ನ ಬಾಯಲ್ಲಿ ಕೇಳಿದ ಕಾಲ್‌ಸೈನನ್ನೇ, ಅಂದರೆ ಲೈಸೆನ್ಸ್ ಜೊತೆ ನನಗೆ ಕೊಟ್ಟ ಗುರುತಿನ ಹೆಸರನ್ನೇ ಹೇಳಿ, "ಹಲೋ, ಯಾರದಾರ್ರಿ ಅಲ್ಲಿ?" ಎಂದು ಮೈಕಿನಲ್ಲಿ ಕೂಗುತ್ತಿದ್ದಾರೆ!

"ಬ್ಯಾಡ್ರಿ ಬೀಗರೇ! ಬಂದವರು ಮಾತಾಡಬೇಕಂದ್ರೆ ಅವರಿಗೂ ಲೈಸೆನ್ಸ್ ಇರಬೇಕು. ಇಲ್ಲಾಂದ್ರೆ ನಂದೂ ಹೋಗ್ತೈತೆ" ಅಂದೆ.

"ಎರಡು ಮಾತಿಗೆ ಯಾರು ಬಂದು ಹಿಡೀತಾರ್ರಿ? ನಾನೇನು ಕಳ್ಳನಾ?" ಎಂದವರು ಮತ್ತೆ ಮೈಕಿನ ಗುಂಡಿ ಒತ್ತಿದರು.

ನನಗೆ ಮೈಯೆಲ್ಲ ಉರಿಯಿತು. ರೇಡಿಯೊ ಆಫ್ ಮಾಡಿಬಿಟ್ಟೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೂರು ಸಲ ಫೇಲಾಗಿ ಪಡೆದ ಲೈಸೆನ್ಸ್ ಅದು.

ಬೀಗರು ಊಟ ಮಾಡದೆ ಎದ್ದು ಹೋದರು. ನನ್ನ ಹೆಂಡತಿ, "ಲೈಸೆನ್ಸ್ ಹೋದ್ರೆ ಮತ್ತೆ ಪರೀಕ್ಷೆ ಬರೀಬೌದು. ಅಲ್ಲಿ ಮಗಳ ಮ್ಯಾಲೆ ಸಿಟ್ಟು ತೀರಿಸಿಕೊಂಡ್ರೆ ಏನು ಬರೀತೀರಿ?" ಎಂದಳು.

ಲೈಸೆನ್ಸ್ ಇಲ್ಲದವರಿಗೆ ಮೈಕ್ ಕೊಡಬೇಡಿ ಎಂದು ನಿಯಮ ಬರೆದ ಸಾಹೇಬರಿಗೆ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳು ಇರಲಿಲ್ಲವೆಂದು ಕಾಣುತ್ತದೆ.