ಪೆನ್ಸಿಲ್ ನನಗೆ, ನಾರು ಅಕ್ಕನಿಗೆ

ಬೀದಿಯವರೆಲ್ಲ ಅವಳನ್ನು ಚೀಟಿಯಕ್ಕ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಬಟ್ಟೆ ಹೊಲಿದವಳು, ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದಾದ ಮೇಲೆ ವಿಶ್ವವಿದ್ಯಾಲಯದ ಸಮೀಕ್ಷೆಗೆ ಸೇರಿಕೊಂಡಿದ್ದಳು. ಗಂಡಹೆಂಡಿರ ಮಲಗುವ ಕೋಣೆಯ ಬಗ್ಗೆ ಸಂಶೋಧನೆ. ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಹೋಗಿ ಹೆಂಗಸರಿಂದ ಉತ್ತರ ತರಬೇಕು. ಮೂರು ಸಲ ಹೋದರೂ ಸಿಗದಿದ್ದರೆ ಪಕ್ಕದ ಮನೆ ಹಿಡಿಯಬಹುದು.

ನಮ್ಮ ಮನೆಯ ಚೀಟಿ ಎದ್ದಿತ್ತು. ಮೊದಲ ಸಲ ನಾನು ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ. ಎರಡನೇ ಸಲ ಒಲೆಯ ಮೇಲೆ ಹಾಲಿತ್ತು. ಮೂರನೇ ಸಲ ಬಂದಾಗ ಪಕ್ಕದ ಮನೆಯ ಟೀಚರು ಕಾಂಪೌಂಡಿಗೆ ಒರಗಿ ಕಾಯುತ್ತಿದ್ದರು.

"ಅವಳಿಗೆಲ್ಲಿ ಪುರುಸೊತ್ತು? ನನ್ನನ್ನ ಕೇಳಿ. ನನ್ನ ಹತ್ರ ಮುಚ್ಚುಮರೆ ಇಲ್ಲ!"

"ಅದೇ ಭಯ ಟೀಚರೇ. ಪುರುಸೊತ್ತಿರೋರನ್ನೇ ಕೇಳಿದ್ರೆ, ನಿಮ್ಮ ಅಳತೆ ತಗೊಂಡು ಬೀದಿಗೆಲ್ಲ ಬಟ್ಟೆ ಹೊಲಿದ ಹಾಗಾಗುತ್ತೆ."

ಅಕ್ಕ ಹಿತ್ತಲ ಬಾಗಿಲು ತಟ್ಟಿ ಅಡುಗೆಮನೆಗೆ ಬಂದಾಗ ನಾನು ಪಾತ್ರೆಯ ರಾಶಿಯ ಮುಂದಿದ್ದೆ. ನಡುಮನೆಯಲ್ಲಿ ಅತ್ತೆ. "ಅಕ್ಕಾ, ಅವರನ್ನೇ ಕೇಳಿಬಿಡಿ," ಎಂದು ಪಿಸುಗುಟ್ಟಿದೆ.

"ಹಾಗಾದ್ರೆ ನಿನ್ನಂಥೋರು ಲೆಕ್ಕದಲ್ಲೇ ಇರಲ್ಲ ತಂಗಿ." ನನ್ನ ಕೈಯ ನಾರು ಕಿತ್ತುಕೊಂಡು ಪ್ರಶ್ನೆಗಳ ಹಾಳೆ, ಪೆನ್ಸಿಲ್ ಇಟ್ಟಳು. "ನೀನೇ ಗೀಟು ಹಾಕಿ, ಲಕೋಟೆ ಅಂಟಿಸಿ ಕೊಡು. ನಾನೂ ನೋಡಲ್ಲ."

"ಯಾರೇ ಅದು ಒಳಗೆ?" ಅತ್ತೆಯ ದನಿ.

ಅಕ್ಕ ತಟ್ಟೆಯನ್ನು ಬೋಗುಣಿಗೆ ಬಡಿದಳು, ನಲ್ಲಿ ಪೂರ್ತಿ ತಿರುಗಿಸಿದಳು. ಅತ್ತೆ ಸುಮ್ಮನಾದರು. ಪಾತ್ರೆಯ ಸದ್ದು ಬರುತ್ತಿರುವವರೆಗೆ ಆ ಮನೆಯಲ್ಲಿ ನನ್ನನ್ನು ಯಾರೂ ವಿಚಾರಿಸುತ್ತಿರಲಿಲ್ಲ.

ಹನ್ನೊಂದನೇ ಪ್ರಶ್ನೆ: ನಿಮಗೆ ಬೇಡವೆನಿಸಿದಾಗ ಬೇಡ ಎಂದು ಹೇಳಲು ಆಗುತ್ತದೆಯೇ?

ಮದುವೆಯಾಗಿ ಎಂಟು ವರ್ಷ. ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. 'ಇಲ್ಲ' ಎಂಬಲ್ಲಿ ಗೀಟು ಹಾಕುವಾಗ ಪೆನ್ಸಿಲಿನ ಮೊನೆ ಮುರಿಯಿತು. ಅಕ್ಕ ತರಕಾರಿ ಚಾಕುವಿನಿಂದ ಚೂಪು ಮಾಡಿ ಕೊಟ್ಟು ಮತ್ತೆ ತಿಕ್ಕತೊಡಗಿದಳು.

ಲಕೋಟೆ ಅಂಟಿಸಿದಾಗ ಪಾತ್ರೆಗಳು ಸಾಲಾಗಿ ಬೋರಲು ಬಿದ್ದಿದ್ದವು. ತಳ ಹಿಡಿದದ್ದೊಂದನ್ನು ಮಾತ್ರ ನೆನೆಹಾಕಿದ್ದಳು. "ಅದು ನಾಳೆಗೂ ಇರುತ್ತೆ ಬಿಡು," ಎಂದು ಸೆರಗಿಗೆ ಕೈ ಒರೆಸಿಕೊಂಡಳು. ಹೊರಗೆ ಅವಳ ದನಿ ಕೇಳಿಸಿತು: "ಟೀಚರೇ, ಈ ಮನೇದು ಆಯ್ತು!"

ಕಾಗದದ ಮೇಲೆ ಒಪ್ಪಿಕೊಂಡದ್ದನ್ನು ಬಾಯಿಬಿಟ್ಟು ಗಂಡನಿಗೆ ಹೇಳಲು ನನಗೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಹೇಳಿದೆ. ಅಕ್ಕ ಮೂರನೇ ಸಲ ಬಾಗಿಲು ತಟ್ಟದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ತಳ ಹಿಡಿದ ಪಾತ್ರೆಯನ್ನು ನೆನೆಹಾಕಿ ಕೂತಾಗಲೆಲ್ಲ ಅವಳ ಒದ್ದೆ ಕೈ ನೆನಪಾಗಿ ಮನಸ್ಸು ತುಂಬುತ್ತದೆ.